ಓದುಗರ ಪ್ರಶ್ನೆ: ಕಾಡು ಹೋದರೆ ಮಳೆನೂ ಹೋಗುತ್ತಾ?

ಜುಲೈನಲ್ಲಿ ಗುಡ್ಡ ಕುಸಿತದ ಬಗ್ಗೆ ಕೇಳಿದವರೇ ಮಾರ್ಚ್‌ ಬಂದರೆ ಬಾವಿ ಬತ್ತಿದ್ದರ ಬಗ್ಗೆ ಬರೆಯುತ್ತಾರೆ. ಎರಡೂ ಒಂದೇ ಕತೆಯ ಎರಡು ತುದಿ ಅಂತ ನನ್ನ ಅನುಮಾನ. ಅದಕ್ಕೇ ಈ ಸಲ ಕಾಡು, ಮಳೆ, ನೀರಿನ ಪ್ರಶ್ನೆಗಳನ್ನೇ ಒಟ್ಟು ಹಾಕಿದ್ದೇನೆ. ಎಲ್ಲವೂ ನಮ್ಮ ಉತ್ತರ ಕನ್ನಡ ಜಿಲ್ಲೆಯವರದ್ದೇ. ಕೆಲವು ಪತ್ರ ಉದ್ದ ಇದ್ದವು, ಕತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಕಾಡು ಕಡಿದರೆ ಮಳೆ ಕಡಿಮೆಯಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇ ಓದಿದ್ದು. ನಮ್ಮ ಸುತ್ತ ಕಾಡು ತೆಳ್ಳಗಾಗಿದ್ದು ಕಣ್ಣಿಗೇ ಕಾಣುತ್ತದೆ. ಆದರೆ ಮಳೆ ಎಲ್ಲಿ ಕಡಿಮೆಯಾಗಿದೆ? ಎರಡು ಸಲ ಮದ್ದು ಹೊಡೆದರೂ ಅಡಿಕೆಯ ಕೊಳೆ ರೋಗ ನಿಲ್ಲುವುದಿಲ್ಲ, ಹಾಗೆ ಸುರಿಯುತ್ತದೆ. ಹಾಗಾದರೆ ಓದಿದ್ದು ಸುಳ್ಳಾ? (ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು)

ಉತ್ತರ: ಪೂರ್ತಿ ಸುಳ್ಳಲ್ಲ. ಆದರೆ ನಮ್ಮ ಊರಿಗೆ ಹಾಗೇ ಹೊಂದುವ ಮಾತೂ ಅಲ್ಲ.

ನಮ್ಮ ಮುಂಗಾರಿನ ನೀರು ಬರುವುದು ಅರಬ್ಬಿ ಸಮುದ್ರದಿಂದ. ಗಾಳಿ ಅದನ್ನು ಹೊತ್ತು ತಂದು ಸಹ್ಯಾದ್ರಿಗೆ ಢಿಕ್ಕಿ ಹೊಡೆಯುತ್ತದೆ. ಮುಂದೆ ಹೋಗಲು ದಾರಿ ಇಲ್ಲದೆ ಮೇಲೇರುತ್ತದೆ, ಮೇಲೇರಿದ್ದು ತಣಿಯುತ್ತದೆ, ತಣಿದದ್ದು ಸುರಿಯುತ್ತದೆ. ಇದಕ್ಕೆ ಬೇಕಾದ್ದು ಸಮುದ್ರ, ಗಾಳಿ, ಗುಡ್ಡ. ನಾಳೆ ದೇವಿಮನೆ ಘಟ್ಟದ ಒಂದೊಂದು ಮರವನ್ನೂ ಕಡಿದು ಹಾಕಿದರೂ (ಯಾರಿಗೂ ಆ ಬುದ್ಧಿ ಬಾರದಿರಲಿ) ಗುಡ್ಡ ಅಲ್ಲೇ ಇರುತ್ತದೆ, ಜೂನ್‌ನಲ್ಲಿ ಮಳೆ ಬಂದೇ ಬರುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ, ಕೆಲವು ಕಡೆ ಅದಕ್ಕಿಂತ ಜಾಸ್ತಿ ಬೀಳುವುದೂ, ಅದೇ ಜಿಲ್ಲೆಯ ಹಳಿಯಾಳ, ಮುಂಡಗೋಡಿಗೆ ಹೋಗುವಷ್ಟರಲ್ಲಿ ಅದು ಅರ್ಧಕ್ಕೂ ಕಡಿಮೆಯಾಗುವುದೂ ಈ ಗುಡ್ಡದ ಆಟವೇ.

ನಾನು ಈ ಮಾತನ್ನು ಒತ್ತಿ ಹೇಳಲು ಕಾರಣ ಇದೆ. ‘ಕಾಡು ಇಲ್ಲದಿದ್ದರೆ ಮಳೆ ಇಲ್ಲ’ ಅಂತ ನಾವು ಭಾಷಣದಲ್ಲಿ ಹೇಳಿಬಿಡುತ್ತೇವೆ. ಆಮೇಲೆ ಒಂದು ವರ್ಷ ಜೋರು ಮಳೆ ಬಂದರೆ ಕಾಡು ಕಡಿಯುವವರು ನಗುತ್ತಾರೆ. ‘ನೋಡಿ, ಮರವೂ ಹೋಯ್ತು, ಮಳೆಯೂ ಬಂತು’ ಅಂತ. ಅವರ ಬಾಯಿಗೆ ಆ ಮಾತು ಕೊಟ್ಟವರು ನಾವೇ.

ಹಾಗಾದರೆ ಮಳೆಗೂ ಕಾಡಿಗೂ ಸಂಬಂಧವೇ ಇಲ್ಲವೇ? ಇದೆ. ಮರ ಬೇರಿನಿಂದ ನೀರು ಎಳೆದು ಎಲೆಯಿಂದ ಆವಿಯಾಗಿ ಬಿಡುತ್ತದೆ. ಆ ತೇವ ಗಾಳಿಯ ಜೊತೆ ಮುಂದೆ ಹೋಗಿ ಇನ್ನೆಲ್ಲೋ ಮಳೆಯಾಗುತ್ತದೆ. ಮುಂಬೈ ಐಐಟಿಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತಮಿಳುನಾಡಿಗೆ ಬೀಳುವ ಮುಂಗಾರು ಮಳೆಯ ತೇವದಲ್ಲಿ ಗಣನೀಯ ಪಾಲು ಪಶ್ಚಿಮ ಘಟ್ಟದ ಕಾಡಿನದು. ಮಳೆ ಕೈಕೊಟ್ಟ ವರ್ಷಗಳಲ್ಲಂತೂ ಆ ಪಾಲು ಇನ್ನೂ ಜಾಸ್ತಿ. ಅಂದರೆ ನಮ್ಮ ಕಾಡು ಹೋದರೆ ಮಳೆ ಕಳೆದುಕೊಳ್ಳುವವರಲ್ಲಿ ಮೊದಲಿಗರು ನಾವಲ್ಲ, ಘಟ್ಟದ ಆಚೆ ದೂರದಲ್ಲಿರುವವರು. ಈ ಕಾರಣಕ್ಕೇ ಇದು ನಮಗೆ ಕಾಣಿಸುವುದಿಲ್ಲ.

ಇನ್ನು ನೀವು ಹೇಳಿದ ‘ಹಾಗೆ ಸುರಿಯುತ್ತದೆ’ ಅನ್ನುವ ವಿಷಯ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಬಿಸಿ ಗಾಳಿ ಜಾಸ್ತಿ ಆವಿ ಹಿಡಿದುಕೊಳ್ಳುತ್ತದೆ, ಒಂದೇ ಏಟಿಗೆ ಕೆಡವುತ್ತದೆ. ಮಧ್ಯ ಭಾರತದಲ್ಲಿ ಭಾರಿ ಮಳೆಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ ಎಂದು ಪುಣೆಯ ಹವಾಮಾನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಭೂಮಿ ಬಿಸಿಯಾಗುವುದರಲ್ಲಿ ಜಗತ್ತಿನ ಕಾಡುನಾಶದ ಪಾಲೂ ಇದೆ. ಹಾಗೆ ನೋಡಿದರೆ ಎಲ್ಲೋ ಕಾಡು ಕಡಿದದ್ದು ನಿಮ್ಮ ತೋಟದ ಕೊಳೆಗೂ ಒಂದು ಸಣ್ಣ ಕಾರಣ.

ಆದರೆ ನಮ್ಮ ಊರಿನಲ್ಲಿ ಕಾಡಿನ ದೊಡ್ಡ ಕೆಲಸ ಮಳೆ ತರುವುದಲ್ಲ. ಬಿದ್ದ ಮಳೆಯನ್ನು ಏಪ್ರಿಲ್‌ ತನಕ ಉಳಿಸುವುದು. ಸಂಬಳ ಎಷ್ಟು ಬರುತ್ತದೆ ಅನ್ನುವುದು ಬೇರೆ, ತಿಂಗಳ ಕೊನೆಗೆ ಕೈಯಲ್ಲಿ ಎಷ್ಟಿದೆ ಅನ್ನುವುದು ಬೇರೆ ಅಲ್ವಾ? ಮುಂದಿನ ಪತ್ರ ಅದರ ಬಗ್ಗೆಯೇ.

ಪ್ರಶ್ನೆ: ನಮ್ಮ ಮನೆ ಕೆಳಗಿನ ಹಳ್ಳ ನಾನು ಸಣ್ಣವನಿದ್ದಾಗ ಬೇಸಿಗೆ ಪೂರ್ತಿ ಹರಿಯುತ್ತಿತ್ತು. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರು ಅಂಗಳಕ್ಕೇ ಬರುತ್ತಿತ್ತು. ಈಗ ಫೆಬ್ರವರಿಗೇ ಎಲ್ಲ ಬಂದ್. ಹಾಗಂತ ಮೇಲಿನ ಗುಡ್ಡ ಬೋಳಾಗಿಲ್ಲ, ಅಕೇಶಿಯ ನೆಟ್ಟಿದ್ದಾರೆ, ದೂರದಿಂದ ಹಸಿರೇ ಕಾಣುತ್ತದೆ. ಅದೂ ಕಾಡೇ ತಾನೇ? (ಯಲ್ಲಾಪುರದಿಂದ ಒಬ್ಬರು)

ಉತ್ತರ: ದೂರದಿಂದ ಕಾಡು. ಹತ್ತಿರ ಹೋಗಿ ನೆಲ ನೋಡಿ.

ಹಳೆಯ ಕಾನಿನ, ಅಂದರೆ ದಟ್ಟ ಹಸಿರು ಕಾಡಿನ, ನೆಲ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲೆ ದರಕು, ಅಂದರೆ ಉದುರಿದ ಒಣ ಎಲೆ. ಅದರ ಕೆಳಗೆ ಅರ್ಧ ಕೊಳೆತ ಎಲೆ. ಅದರ ಕೆಳಗೆ ಕಪ್ಪು ಮಣ್ಣು, ಎರೆಹುಳ, ಗೆದ್ದಲು, ಸತ್ತ ಬೇರು ಬಿಟ್ಟುಹೋದ ಕೊಳವೆಗಳು. ಎತ್ತರದ ಮರ, ಅದರ ಕೆಳಗೆ ನಡು ಎತ್ತರದ್ದು, ಅದರ ಕೆಳಗೆ ಪೊದೆ. ಹೀಗೆ ಎರಡು ಮೂರು ಕಡೆ ತಡೆದು ತಡೆದು ಬರುವ ಹನಿ ನೆಲಕ್ಕೆ ಮುಟ್ಟುವಾಗ ಅದರ ಸೊಕ್ಕು ಮುರಿದಿರುತ್ತದೆ. ನೀರು ಹರಿದು ಓಡುವ ಬದಲು ಇಳಿಯುತ್ತದೆ. ಇಳಿದದ್ದು ಮಣ್ಣಿನಲ್ಲಿ, ಬಂಡೆಯ ಬಿರುಕಿನಲ್ಲಿ ನಿಧಾನ ನಡೆದು ಒರತೆಯಾಗಿ ಹೊರಗೆ ಬರುವಾಗ ಡಿಸೆಂಬರ್, ಫೆಬ್ರವರಿ, ಏಪ್ರಿಲ್. ನಿಮ್ಮ ಅಬ್ಬಿಯ ಬೇಸಿಗೆ ನೀರು ಹಿಂದಿನ ಮಳೆಗಾಲದ್ದೇ. ಕೆಲವು ಕಡೆ ಅದಕ್ಕಿಂತ ಹಳೆಯದ್ದೂ ಇರಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಜಿಲ್ಲೆಯ ಹಳ್ಳಗಳ ಮೇಲೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ಕಂಡುಕೊಂಡದ್ದು ಇಷ್ಟು. ಹಳ್ಳಕ್ಕೆ ನೀರು ಕೊಡುವ ಗುಡ್ಡದಲ್ಲಿ ಶೇ 60ಕ್ಕಿಂತ ಜಾಸ್ತಿ ಭಾಗ ಊರಿನದೇ ಜಾತಿಯ ಮರಗಳಿದ್ದರೆ ಹಳ್ಳ 12 ತಿಂಗಳೂ ಹರಿಯುತ್ತದೆ. ಒಂದೇ ಜಾತಿಯ ನೆಡುತೋಪು ಜಾಸ್ತಿ ಇದ್ದಲ್ಲಿ ಬೇಸಿಗೆಗೆ ಮೊದಲೇ ಸೋಲುತ್ತದೆ. ಕಾಡು ಪೂರ್ತಿ ಹಾಳಾದಲ್ಲಿ ಮಳೆಗಾಲ ಮುಗಿದ ಬೆನ್ನಿಗೇ ಬತ್ತುತ್ತದೆ. ಮಳೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಹಳ್ಳದ ಆಯುಷ್ಯ ಮಾತ್ರ ಬೇರೆ ಬೇರೆ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋದವರು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ನೋಡಿರಬಹುದು. ಮರಗಳು ನೀರಿನಲ್ಲೇ ನಿಂತಿರುತ್ತವೆ. ಕೆಲವು ಬೇರು ಕೆಸರಿನಿಂದ ಮೇಲೆ ಎದ್ದು ಮೊಣಕಾಲು ಮಡಿಸಿ ಮತ್ತೆ ಕೆಳಗೆ ಹೋಗುತ್ತವೆ, ಉಸಿರಾಡಲು. ಅಲ್ಲಿ ಬೇಸಿಗೆಯಲ್ಲೂ ಕಾಲು ಒದ್ದೆಯಾಗುತ್ತದೆ. ಅಂಥ ಜಡ್ಡಿಗಳನ್ನು ಬಸಿದು ಗದ್ದೆ, ತೋಟ ಮಾಡಿದ್ದು ಹಿಂದಿನ ಕಾಲದಲ್ಲಿ ಸಾಮಾನ್ಯ ಸಂಗತಿ. ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಂಡು. ನನ್ನನ್ನು ಕೇಳಿದರೆ ಜಿಲ್ಲೆಯಲ್ಲಿ ಯಾವುದಾದರೂ ಜಾಗಕ್ಕೆ ಜೆಸಿಬಿ ಹೋಗಲೇಬಾರದು ಅಂತಿದ್ದರೆ ಅದು ಜಡ್ಡಿ.

ಈಗ ಅಕೇಶಿಯಕ್ಕೆ ಬರೋಣ. ಅದು ಬೋಳು ಗುಡ್ಡಕ್ಕಿಂತ ಒಳ್ಳೆಯದು, ಅದನ್ನು ಒಪ್ಪಬೇಕು. ಪೂರ್ತಿ ಗಟ್ಟಿಯಾಗಿದ್ದ ನೆಲದಲ್ಲಿ ನೀರು ಇಳಿಯುವುದು ಸ್ವಲ್ಪ ಸುಧಾರಿಸುತ್ತದೆ, ನಮ್ಮ ಜಿಲ್ಲೆಯಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲೂ ಇದು ಕಂಡಿದೆ. ಆದರೆ ಬೇಗ ಬೆಳೆಯುವ ಮರ ಬೇಗ ಬೇಗ ಕುಡಿಯುತ್ತದೆ. ನೀಲಗಿರಿ ಬೆಟ್ಟಗಳಲ್ಲಿ ಹುಲ್ಲುಗಾವಲಿದ್ದ ಜಾಗಕ್ಕೆ ನೀಲಗಿರಿ ಮರ ನೆಟ್ಟು ಪಕ್ಕದ ಹಳ್ಳದ ಜೊತೆ ಹೋಲಿಸಿ ನೋಡಿದರು. ಮೊದಲ ಸುತ್ತಿನ ಹತ್ತು ವರ್ಷಗಳಲ್ಲಿ ಹಳ್ಳದ ನೀರು ಶೇ 16ರಷ್ಟು ಕಡಿಮೆಯಾಯಿತು. ಕಡಿದ ಮೇಲೆ ಮತ್ತೆ ಚಿಗುರಿ ಬೆಳೆದ ಎರಡನೇ ಸುತ್ತಿನಲ್ಲಿ ಇನ್ನೂ ಕಡಿಮೆ. ಅದಕ್ಕೇ ಬ್ಯಾಣದಲ್ಲಿ (ಮೇವಿನ ಹುಲ್ಲುಗಾವಲಿನಲ್ಲಿ) ಹುಲ್ಲಿದ್ದರೆ ಹುಲ್ಲೇ ಇರಲಿ. ಹಸಿರು ಕಂಡ ಜಾಗಕ್ಕೆಲ್ಲ ಗಿಡ ತುರುಕಬೇಕಾಗಿಲ್ಲ.

ಶಿರಸಿ ಕಡೆಯ ಜನ ಇದನ್ನು ಯಾವತ್ತೋ ಹೇಳಿದ್ದರು. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿ ಭಾಗದವರು ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅವರ ತಕರಾರು ಬರೀ ‘ಮರ ಕಡಿಯಬೇಡಿ’ ಅಂತ ಆಗಿರಲಿಲ್ಲ. ನೂರು ಜಾತಿಯ ಕಾಡು ತೆಗೆದು ತೇಗ, ನೀಲಗಿರಿ ಹಾಕಬೇಡಿ ಅಂತಲೂ ಆಗಿತ್ತು. ‘ಉಳಿಸು, ಬೆಳೆಸು, ಬಳಸು’ ಎಂಬ ಈ ಅಪ್ಪಿಕೋ ಚಳವಳಿಯ ಘೋಷಣೆಯಲ್ಲಿ ಮೊದಲು ಬರುವುದು ಉಳಿಸು. ನೆಡುವುದು ಆಮೇಲೆ.

ಒಂದು ಕಹಿ ಮಾತು. ಎಲ್ಲವನ್ನೂ ಅರಣ್ಯ ಇಲಾಖೆ ಮೇಲೆ, ಅಕೇಶಿಯ ಮೇಲೆ ಹಾಕಿ ಕೂತರೆ ಆಗದು. ತೋಟಕ್ಕೆ ಅಂತ ಬ್ರಿಟಿಷರ ಕಾಲದಿಂದ ನಮ್ಮವರಿಗೆ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಸಿಕ್ಕಿತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ. ಒಳ್ಳೆಯ ವ್ಯವಸ್ಥೆ, ಅದರಿಂದ ಎಷ್ಟೋ ಗುಡ್ಡ ಇವತ್ತಿಗೂ ಮರ ಹೊತ್ತು ನಿಂತಿವೆ. ಆದರೆ ಎಷ್ಟು ಬೆಟ್ಟಗಳಲ್ಲಿ ಸೊಪ್ಪು ಕಡಿದು ಕಡಿದು ಮರ ಬರೀ ಕಂಬವಾಗಿದೆ, ದರಕು ಒಂದು ಎಲೆ ಬಿಡದೆ ಗುಡಿಸಿ ಕೊಟ್ಟಿಗೆಗೆ ಹೋಗಿದೆ, ನೀವೇ ನೋಡಿದ್ದೀರಿ. ನೆಲದ ಮೇಲಿನ ದರಕು ತೆಗೆದರೆ ಹನಿ ನೇರ ಮಣ್ಣಿಗೆ ಬಡಿಯುತ್ತದೆ, ಮೇಲ್ಮಣ್ಣು ಕಟ್ಟಿಕೊಳ್ಳುತ್ತದೆ, ನೀರು ಓಡುತ್ತದೆ. ಅದರ ಜೊತೆಗೆ ಗದ್ದೆ ಹೋಗಿ ತೋಟ, ಬ್ಯಾಣ ಹೋಗಿ ತೋಟ, ಪ್ರತಿ ತೋಟಕ್ಕೂ ಒಂದು ಬೋರ್. ಹಳ್ಳಕ್ಕೆ ಬರಬೇಕಾದ ನೀರನ್ನು ನಾವು ಕೆಳಗಿನಿಂದಲೇ ಎತ್ತುತ್ತಿದ್ದೇವೆ.

ಮಾಡಬಹುದಾದದ್ದು ಇದೆ. ಒರತೆಯ ಮೇಲ್ಭಾಗದ ಇಳಿಜಾರಿನಲ್ಲಿ ದರಕು ಗುಡಿಸುವುದನ್ನು ನಿಲ್ಲಿಸಿ, ಸೊಪ್ಪು ಬೇರೆ ಭಾಗದಿಂದ ಸರದಿಯಲ್ಲಿ ತನ್ನಿ. ಅಕೇಶಿಯದ ಕೆಳಗೆ ತಾನಾಗಿ ಹುಟ್ಟಿದ ಮತ್ತಿ, ನೇರಳೆ, ಮುರುಗಲು ಸಸಿ ಇದ್ದರೆ ಸವರಬೇಡಿ, ದನ, ಬೆಂಕಿ ತಾಗದಂತೆ ನೋಡಿಕೊಳ್ಳಿ. ಹಳ್ಳಕ್ಕೆ ಡಿಸೆಂಬರ್‌ನಲ್ಲಿ ಕಲ್ಲು, ಮಣ್ಣಿನ ಹಂಗಾಮಿ ಕಟ್ಟ ಹಾಕಿ. ಮುಂದಿನ ವರ್ಷವೇ ಅಬ್ಬಿ ಬರುವುದಿಲ್ಲ, ಅಷ್ಟು ಬೇಗ ಹಾಳಾಗಿದ್ದೂ ಅಲ್ಲವಲ್ಲ.

ಪ್ರಶ್ನೆ: ಅಮೆಜಾನ್ ಕಾಡು ಭೂಮಿಯ ಶ್ವಾಸಕೋಶ, ನಮಗೆ ಬೇಕಾದ ಆಮ್ಲಜನಕದ ಶೇ 20 ಅಲ್ಲಿಂದಲೇ ಬರುತ್ತದೆ ಎಂದು ರೀಲ್ಸ್‌ನಲ್ಲಿ ನೋಡಿದೆ. ನಿಜವಾ? ಅಲ್ಲಿ ಕಾಡು ಕಡಿದರೆ ಕಾರವಾರದಲ್ಲಿ ಕೂತ ನಮಗೇನಾಗುತ್ತದೆ? (ಪದವಿ ವಿದ್ಯಾರ್ಥಿನಿ, ಕಾರವಾರ)

ಉತ್ತರ: ಶೇ 20 ಅನ್ನುವುದು ಸುಮ್ನೆ ಓಡಾಡುವ ಲೆಕ್ಕ ತಂಗಿ. ಅಮೆಜಾನ್ ಹಗಲು ಬಿಡುವ ಆಮ್ಲಜನಕವನ್ನು ಅಲ್ಲಿನ ಗಿಡಗಳ ಉಸಿರಾಟ, ಕೊಳೆಯುವ ಎಲೆ, ಹುಳ, ಸೂಕ್ಷ್ಮಜೀವಿಗಳೇ ಹೆಚ್ಚುಕಡಿಮೆ ಪೂರ್ತಿ ಬಳಸಿಬಿಡುತ್ತವೆ. ಹೊರಗೆ ಉಳಿಯುವುದು ಸೊನ್ನೆ ಹತ್ತಿರ. ಗಾಳಿಯಲ್ಲಿರುವ ಶೇ 21 ಆಮ್ಲಜನಕ ಕೋಟ್ಯಂತರ ವರ್ಷಗಳಲ್ಲಿ ಕೂಡಿ ಬಂದದ್ದು, ಅದು ಈ ಶತಮಾನದಲ್ಲಿ ಮುಗಿಯುವುದಿಲ್ಲ. ಉಸಿರು ಕಟ್ಟುವ ಹೆದರಿಕೆ ಬಿಡಿ.

ಹೆದರಬೇಕಾದ್ದು ಬೇರೆ ಎರಡು ವಿಷಯಕ್ಕೆ. ಒಂದು, ಇಂಗಾಲ. ಮರದಲ್ಲಿ, ಮಣ್ಣಿನಲ್ಲಿ ಕೂತಿದ್ದ ಇಂಗಾಲ ಕಾಡು ಸುಟ್ಟಾಗ ಗಾಳಿಗೆ ಸೇರುತ್ತದೆ. ಜಗತ್ತಿನಲ್ಲಿ ಮನುಷ್ಯ ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಹತ್ತನೇ ಒಂದು ಪಾಲು ಕಾಡುನಾಶ ಮತ್ತು ನೆಲದ ಬಳಕೆ ಬದಲಾದದ್ದರಿಂದ. ಅಮೆಜಾನ್‌ನ ಆಗ್ನೇಯ ಭಾಗ ಈಗ ಹೀರುವುದಕ್ಕಿಂತ ಜಾಸ್ತಿ ಇಂಗಾಲ ಬಿಡುತ್ತಿದೆ ಎಂದು ವಿಮಾನದಿಂದ ಗಾಳಿಯ ಮಾದರಿ ತೆಗೆದು ಅಳೆದವರು 2021ರಲ್ಲಿ ವರದಿ ಮಾಡಿದರು. ಕಾರವಾರಕ್ಕೆ ತಟ್ಟುವುದು ಇದು. ಗಾಳಿಗೆ ಗಡಿ ಇಲ್ಲ. ಅಲ್ಲಿ ಸೇರಿದ ಇಂಗಾಲ ಇಲ್ಲಿನ ಸಮುದ್ರವನ್ನೂ ಬಿಸಿ ಮಾಡುತ್ತದೆ.

ಎರಡನೆಯದು ನೀರು. ಮೇಲೆ ಶಿರಸಿಯವರಿಗೆ ಹೇಳಿದ ಮಾತು ಅಲ್ಲಿ ತಿರುಗುಮುರುಗು. ಅಮೆಜಾನ್ ಸಮತಟ್ಟಾದ ನೆಲ. ಅಟ್ಲಾಂಟಿಕ್‌ನಿಂದ ಬಂದ ತೇವ ಸಾವಿರಾರು ಕಿಲೋಮೀಟರ್ ಒಳಗೆ ಹೋಗಬೇಕು, ನಡುವೆ ನಮ್ಮ ಸಹ್ಯಾದ್ರಿಯ ಹಾಗೆ ಗೋಡೆ ಇಲ್ಲ. ಅದನ್ನು ಮುಂದೆ ದಾಟಿಸುವುದು ಕಾಡೇ. ಮಳೆ ಬೀಳುತ್ತದೆ, ಮರ ಎಳೆದು ಮತ್ತೆ ಆವಿ ಮಾಡುತ್ತದೆ, ಆ ಆವಿ ಇನ್ನಷ್ಟು ಒಳಗೆ ಹೋಗಿ ಮತ್ತೆ ಮಳೆಯಾಗುತ್ತದೆ. ಒಂದೇ ನೀರು ಹೀಗೆ ಹಲವು ಸಲ. ಅಲ್ಲಿನ ಮಳೆಯ ಸುಮಾರು ಅರ್ಧ ಕಾಡು ತಾನೇ ಮಾಡಿಕೊಂಡದ್ದು ಎಂದು ಬ್ರೆಜಿಲ್‌ನ ವಿಜ್ಞಾನಿ ಎನಿಯಾಸ್ ಸಲಾಟಿ 1970ರ ದಶಕದಲ್ಲೇ ತೋರಿಸಿದರು. ಆ ಆವಿ ಆಂಡೀಸ್ ಪರ್ವತಕ್ಕೆ ಬಡಿದು ದಕ್ಷಿಣಕ್ಕೆ ತಿರುಗಿ ದೂರದ ಹೊಲಗಳಿಗೂ ಮಳೆ ಕೊಡುತ್ತದೆ. ಅಲ್ಲಿನವರು ಇದಕ್ಕೆ ಹಾರುವ ನದಿ ಎನ್ನುತ್ತಾರೆ. ಸೋಯಾ ಬೆಳೆಯಲು ಕಾಡು ಕಡಿದವರು ಸೋಯಾಕ್ಕೆ ಬೇಕಾದ ಮಳೆಯನ್ನೇ ಕಡಿಯುತ್ತಿದ್ದಾರೆ. ಇದಕ್ಕಿಂತ ದಡ್ಡ ವ್ಯಾಪಾರ ಇನ್ನೊಂದು ಇದೆಯಾ?

ಅಮೆಜಾನ್ ಕಾಡಿನ ಸುಮಾರು ಶೇ 17 ಈಗಾಗಲೇ ಹೋಗಿದೆ. ಶೇ 20ರಿಂದ 25 ಹೋದರೆ ದೊಡ್ಡ ಭಾಗ ತನ್ನ ಮಳೆ ತಾನು ಮಾಡಿಕೊಳ್ಳಲಾಗದೆ ಒಣಗುತ್ತಾ ಕುರುಚಲಾಗಬಹುದು ಎಂದು ಥಾಮಸ್ ಲವ್‌ಜಾಯ್ ಮತ್ತು ಕಾರ್ಲೋಸ್ ನೋಬ್ರೆ 2018ರಲ್ಲಿ ಎಚ್ಚರಿಸಿದರು. 2023ರ ಅಕ್ಟೋಬರ್‌ನಲ್ಲಿ ಮನೌಸ್ ಊರಿನಲ್ಲಿ ರಿಯೊ ನೀಗ್ರೊ ನದಿ ನೂರಕ್ಕೂ ಜಾಸ್ತಿ ವರ್ಷಗಳ ದಾಖಲೆಯಲ್ಲೇ ಅತಿ ಕೆಳಗೆ ಇಳಿಯಿತು. ಮರುವರ್ಷ ಅದಕ್ಕಿಂತಲೂ ಕೆಳಗೆ. ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವೆ ಏರುಪೇರಾಗುವುದು), ಬಿಸಿ ಸಮುದ್ರ ಎಲ್ಲ ಸೇರಿ ಆದದ್ದು ಅದು, ಕಾಡು ಕಡಿದದ್ದೊಂದೇ ಕಾರಣ ಅಂತ ರೀಲ್ಸ್ ಮಾಡಬೇಡಿ ಮತ್ತೆ.

ಪ್ರಶ್ನೆ: ನಾವು ಅಘನಾಶಿನಿ ನದಿಯಲ್ಲಿ ಬಳಚು (ಚಿಪ್ಪು ಮೀನು) ಆರಿಸಿ ಬದುಕುವವರು. ಘಟ್ಟದ ಮೇಲಿನ ಕಾಡಿಗೂ ನಮಗೂ ಸಂಬಂಧ ಇದೆ ಎಂದು ಸಭೆಯಲ್ಲಿ ಹೇಳಿದರು. ಅರ್ಥ ಆಗಲಿಲ್ಲ. ಇನ್ನೊಂದು, ನದಿ ನೀರು ಸುಮ್ಮನೆ ಸಮುದ್ರ ಸೇರಿ ಹಾಳಾಗುತ್ತದೆ, ಬಯಲುಸೀಮೆಗಾದರೂ ಒಯ್ಯಲಿ ಎನ್ನುವವರಿಗೆ ಏನು ಹೇಳಬೇಕು? (ಕುಮಟಾ ತಾಲ್ಲೂಕಿನ ಒಬ್ಬ ಅಕ್ಕ, ಮಗಳ ಕೈಯಲ್ಲಿ ಬರೆಸಿದ್ದು)

ಉತ್ತರ: ಅಕ್ಕ, ಬಳಚಿಗೆ ಎಂಥ ನೀರು ಬೇಕು ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪೂರ್ತಿ ಸಿಹಿಯೂ ಆಗದು, ಪೂರ್ತಿ ಉಪ್ಪೂ ಆಗದು. ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಬರುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಮೇಲೇರುತ್ತದೆ. ಈ ಏರಿಳಿತಕ್ಕೆ ಒಂದು ಹದ ಇದೆ. ಆ ಹದವನ್ನು ಹಿಡಿದಿರುವುದು ಘಟ್ಟದ ಮೇಲಿನ ನೂರಾರು ಸಣ್ಣ ಹಳ್ಳಗಳು. ಅವು ಬೇಸಿಗೆಯಲ್ಲಿ ಸಣ್ಣಗೆ ಹರಿಯುತ್ತಿದ್ದರೆ ಉಪ್ಪು ಒಂದು ಮಿತಿಯಲ್ಲಿ ನಿಲ್ಲುತ್ತದೆ. ಹಳ್ಳ ಬತ್ತಿದರೆ ಉಪ್ಪು ಮೇಲೆ ಮೇಲೆ ಹೋಗಿ ದಂಡೆಯ ಬಾವಿಗೂ ಸೇರುತ್ತದೆ. ಮೇಲೆ ಗುಡ್ಡ ಬೋಳಾದರೆ ಇನ್ನೊಂದು ತಾಪತ್ರಯ, ಹೂಳು. ಕೆಸರು ಬಂದು ಕೂತರೆ ಬಳಚು ಮುಚ್ಚಿ ಸಾಯುತ್ತದೆ.

ಸಿಹಿನೀರು ಜಾಸ್ತಿಯಾದರೂ ಕಷ್ಟವೇ. ಪಕ್ಕದ ಶರಾವತಿ ನೋಡಿ. ಕರೆಂಟ್ ಮಾಡಿ ಬಿಡುವ ಅಣೆಕಟ್ಟಿನ ನೀರು ವರ್ಷವಿಡೀ ಬಂದು ಹೊನ್ನಾವರದ ಅಳಿವೆಯಲ್ಲಿ (ನದಿ ಸಮುದ್ರ ಸೇರುವಲ್ಲಿ) ಉಪ್ಪು ಕಡಿಮೆಯಾಯಿತು, ಅಲ್ಲಿನ ಚಿಪ್ಪು ಜೀವಿಗಳು ಸೊರಗಿದವು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ತದಡಿಯ ಹತ್ತಿರ ಸಮುದ್ರ ಸೇರುವ ತನಕ ಅದು ತನ್ನ ಪಾಡಿಗೆ ಹರಿಯುತ್ತದೆ. ಅದರ ಕಾಡಿನ ಒಂದು ದೊಡ್ಡ ಭಾಗಕ್ಕೆ 2011ರಲ್ಲಿ ಸಿಂಗಳೀಕದ ಹೆಸರಿನಲ್ಲಿ ರಕ್ಷಣೆ ಸಿಕ್ಕಿತು. ಕೆಳಗಿನ ಅಳಿವೆಗೆ 2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಮೇಲೆ ಮಂಗ, ಕೆಳಗೆ ನಿಮ್ಮ ಬಳಚು, ಕಾಂಡ್ಲಾ ಕಾಡು, ಗಜನಿಯ (ಉಪ್ಪುನೀರಿನ ಗದ್ದೆಯ) ಕಗ್ಗ ಭತ್ತ. ನಡುವೆ ಒಂದೇ ನೀರು.

ಹಾಳಾಗುತ್ತದೆ ಎನ್ನುವವರನ್ನು ಕರೆದುಕೊಂಡು ಹೋಗಿ ಇಳಿತದ ಹೊತ್ತಿಗೆ ದಂಡೆಯಲ್ಲಿ ನಿಲ್ಲಿಸಿ. ಸೊಂಟದ ತನಕ ನೀರಿನಲ್ಲಿ ನಿಂತು ಬುಟ್ಟಿ ತುಂಬುವ ಹೆಂಗಸರನ್ನು ತೋರಿಸಿ. ನದಿ ಹೊತ್ತು ತರುವ ಎಲೆಗೊಬ್ಬರ, ಮಣ್ಣಿನ ಸಾರ ತಿಂದೇ ಅಳಿವೆಯ ಸಿಗಡಿ, ಮೀನು ಬೆಳೆಯುವುದು, ಎಷ್ಟೋ ಸಮುದ್ರದ ಮೀನು ಮರಿ ಮಾಡಲು ಇಲ್ಲಿಗೇ ಬರುವುದು. ಬೇಡ್ತಿ ನದಿಯ ನೀರನ್ನು ವರದಾ ನದಿಗೆ ಒಯ್ಯುವ ಬೇಡ್ತಿ–ವರದಾ ಜೋಡಣೆ ಥರದ ಯೋಜನೆಗಳನ್ನು ನಾನು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ಬಯಲುಸೀಮೆಯವರ ಬಾಯಾರಿಕೆ ಸುಳ್ಳಲ್ಲ, ಅವರ ಮೇಲೆ ಸಿಟ್ಟೂ ಇಲ್ಲ. ಆದರೆ ಮಳೆಗಾಲದ ನದಿ ನೋಡಿ ಯೋಜನೆ ಮಾಡುವವರು ಒಮ್ಮೆ ಏಪ್ರಿಲ್‌ನಲ್ಲಿ ಬಂದು ಅದೇ ನದಿಯ ನಡುವೆ ನಡೆದು ದಾಟಲಿ. ಎತ್ತಲು ಎಷ್ಟಿದೆ ಎಂದು ಆಗ ತಿಳಿಯುತ್ತದೆ.

ಪ್ರಶ್ನೆ: ಮನೆ ಹಿಂದೆ ನಾಲ್ಕು ಮಾವಿನ ಗಿಡ ನೆಟ್ಟರೆ ಬಾವಿಯ ನೀರು ಏರುತ್ತಾ? (ಹೊನ್ನಾವರ)

ಉತ್ತರ: ಇಲ್ಲ. ನೆರಳು ಸಿಗುತ್ತದೆ, ಮಿಡಿ ಉಪ್ಪಿನಕಾಯಿ ಸಿಗುತ್ತದೆ. ಬಾವಿಗೆ ಬೇಕಾದರೆ ಮಾಡಿನ (ಛಾವಣಿಯ) ನೀರು ಹಿಡಿಯಿರಿ. 100 ಚದರ ಮೀಟರ್ ಮಾಡಿಗೆ 3000 ಮಿಲಿಮೀಟರ್ ಮಳೆ ಅಂದರೆ ವರ್ಷಕ್ಕೆ 3 ಲಕ್ಷ ಲೀಟರ್. ಅದನ್ನು ಜಲ್ಲಿ, ಮರಳು ಹಾಕಿದ ಗುಂಡಿಯಲ್ಲಿ ಇಂಗಿಸಿ. ಸಮುದ್ರ ಹತ್ತಿರ ಇದ್ದರೆ ಪಂಪು ಒಂದೇ ಸಮ ಓಡಿಸಬೇಡಿ, ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಜಾಸ್ತಿ ಎಳೆದರೆ ಕೆಳಗಿನದ್ದು ಮೇಲೆ ಬರುತ್ತದೆ.

ಪ್ರಶ್ನೆ: ಶಿರೂರು ಗುಡ್ಡ ಕುಸಿದದ್ದು ಕಾಡು ಕಡಿದದ್ದಕ್ಕಾ? ಅಲ್ಲಿ ಮೇಲೆ ಮರಗಳಿದ್ದವಲ್ಲ? (ಅಂಕೋಲಾ)

ಉತ್ತರ: ನೀವು ಸರಿಯಾಗಿ ನೋಡಿದ್ದೀರಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಬಿದ್ದು, ಮಣ್ಣು ಗಂಗಾವಳಿ ನದಿಗೆ ನುಗ್ಗಿ, ಆಚೆ ದಡದ ಉಳುವರೆ ಊರಿಗೂ ನೀರು ಬಡಿದು ಒಟ್ಟು 11 ಜನ ಹೋದರು. ಅಲ್ಲಿ ಗುಡ್ಡ ಬೋಳಾಗಿರಲಿಲ್ಲ. ಆದರೆ ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಲಾಗಿತ್ತು. ಮರದ ಬೇರು ಮೇಲಿನ ಕೆಲವು ಅಡಿ ಮಣ್ಣನ್ನು ಹಿಡಿಯುತ್ತದೆ, ಅಷ್ಟೇ. ಬುಡವೇ ಇಲ್ಲದ ಗುಡ್ಡವನ್ನು ಯಾವ ಬೇರೂ ಹಿಡಿಯಲಾರದು. ಆ ದಿನಗಳಲ್ಲಿ ಸುರಿದ ಮಳೆಗೆ ಮಣ್ಣು ನೀರು ಕುಡಿದು ಭಾರವಾಗಿತ್ತು, ನೀರು ಬಸಿದು ಹೋಗಲು ದಾರಿ ಬೇಕಿತ್ತು.

ಇದಕ್ಕೂ ಮೊದಲು 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದ ಝರಿವಾಡದಲ್ಲಿ 19 ಜನ ಮಣ್ಣಿನಡಿ ಹೋದರು. 2021ರಲ್ಲಿ ಯಲ್ಲಾಪುರದ ಕಳಚೆ, 2022ರಲ್ಲಿ ಭಟ್ಕಳದ ಮುಟ್ಟಳ್ಳಿ. ಪ್ರತಿಯೊಂದರ ಕಾರಣ ಬೇರೆ, ಎಲ್ಲದಕ್ಕೂ ಒಂದೇ ಹಣೆಪಟ್ಟಿ ಅಂಟಿಸಬಾರದು. ಆದರೆ ಇಳಿಜಾರಿನ ಕಾಡು ತೆಗೆದಲ್ಲಿ ಕೆಲವು ವರ್ಷಗಳಲ್ಲಿ ಹಳೆಯ ಬೇರು ಕೊಳೆತು ಹಿಡಿತ ಸಡಿಲವಾಗುತ್ತದೆ ಅನ್ನುವುದೂ ನಿಜ. ಕಡಿದ ವರ್ಷ ಏನೂ ಆಗುವುದಿಲ್ಲ, ಅದಕ್ಕೇ ಜನ ಮೋಸ ಹೋಗುತ್ತಾರೆ.

ಗುಡ್ಡದ ಬುಡದಲ್ಲಿ ಮನೆ ಇದ್ದವರು ಮಳೆಗಾಲದಲ್ಲಿ ಇಷ್ಟು ನೋಡಿಕೊಳ್ಳಿ. ಮೇಲೆ ನೆಲದಲ್ಲಿ ಹೊಸ ಬಿರುಕು, ಮರ ಅಥವಾ ಕಂಬ ವಾಲಿದ್ದು, ಬಾಗಿಲು ಇದ್ದಕ್ಕಿದ್ದ ಹಾಗೆ ಬಿಗಿಯಾದದ್ದು, ಯಾವಾಗಲೂ ತಿಳಿ ಇದ್ದ ಒರತೆ ಕೆಂಪಾದದ್ದು. ಇದರಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ. ಯಾರಾದರೂ ಬಂದು ನೋಡಿ ಹೇಳಲಿ ಅಂತ ಕಾಯುವುದೂ ಬೇಡ.

ಪ್ರಶ್ನೆ: ಪ್ರತಿ ವರ್ಷ ಮಕ್ಕಳ ಹತ್ತಿರ ‘ಕಾಡು ಉಳಿಸಿ’ ಚಿತ್ರ ಬರೆಸಿ ಗೋಡೆಗೆ ಅಂಟಿಸುತ್ತೇವೆ. ಈ ಸಲ ಬೇರೆ ಏನಾದರೂ ಮಾಡಿಸಬೇಕು ಅಂತಿದೆ. ಖರ್ಚು ಇಲ್ಲದ್ದು ಹೇಳಿ. (ಹಳ್ಳಿ ಶಾಲೆಯ ಅಕ್ಕೋರು, ಸಿದ್ದಾಪುರ ತಾಲ್ಲೂಕು)

ಉತ್ತರ: ಅಕ್ಕೋರೆ, ಎರಡು ಕೆಲಸ ಇವೆ.

ಮೊದಲನೆಯದಕ್ಕೆ ಒಂದು ನೋಟ್‌ಬುಕ್ ಸಾಕು. ಊರಿನ ಹಳ್ಳಗಳ ಪಟ್ಟಿ ಮಾಡಿಸಿ. ಯಾವ ಮಗುವಿನ ಮನೆ ಯಾವ ಹಳ್ಳದ ಹತ್ತಿರ ಇದೆಯೋ ಆ ಹಳ್ಳ ಅದರದ್ದು. ನವೆಂಬರ್‌ನಿಂದ ವಾರಕ್ಕೊಮ್ಮೆ ಹೋಗಿ ‘ಹರಿಯುತ್ತಿದೆ’, ‘ಗುಂಡಿಯಲ್ಲಿ ಮಾತ್ರ ನಿಂತಿದೆ’, ‘ಒಣಗಿದೆ’ ಇವುಗಳಲ್ಲಿ ಒಂದನ್ನು ತಾರೀಖು ಸಮೇತ ಬರೆಯಬೇಕು. ಮೇಲಿನ ಗುಡ್ಡದಲ್ಲಿ ಕಾನಿದೆಯೋ, ಬೆಟ್ಟವೋ, ಅಕೇಶಿಯವೋ, ಅಡಿಕೆಯೋ ಅದನ್ನೂ ಬರೆಸಿ. ಅಜ್ಜ ಅಜ್ಜಿಯರನ್ನು ಕೇಳಿ ಅವರ ಕಾಲದಲ್ಲಿ ಅದೇ ಹಳ್ಳ ಯಾವ ಹಬ್ಬದ ತನಕ ಹರಿಯುತ್ತಿತ್ತು ಎಂದು ಪಕ್ಕದಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು. ಹಿರಿಯರು ತಿಂಗಳು ಮರೆತಿರುತ್ತಾರೆ, ಹಬ್ಬ ಮರೆಯುವುದಿಲ್ಲ. ಮಳೆ ಲೆಕ್ಕ ಇಡಲು ಇಲಾಖೆಗಳಿವೆ. ಸಣ್ಣ ಹಳ್ಳ ಬತ್ತಿದ ದಿನವನ್ನು ಊರವರು ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಾಲ್ಕೈದು ವರ್ಷದ ನೋಟ್‌ಬುಕ್ ಇದ್ದರೆ ಗ್ರಾಮಸಭೆಯಲ್ಲಿ ನಿಮ್ಮ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಎರಡನೆಯದು ಮಕ್ಕಳಿಗೆ ಇಷ್ಟವಾಗುತ್ತದೆ. ಎರಡೂ ಕಡೆ ತೆರೆದ ಒಂದು ತಗಡಿನ ಡಬ್ಬ ಬೇಕು, ಎಣ್ಣೆ ಡಬ್ಬದ ತಳ ತೆಗೆದರೂ ಆದೀತು. ಅದನ್ನು ನೆಲಕ್ಕೆ ಎರಡು ಮೂರು ಬೆರಳು ಇಳಿಯುವಷ್ಟು ತಟ್ಟಿ, ಒಳಗೆ ಒಂದು ಲೀಟರ್ ನೀರು ಹೊಯ್ದು, ಪೂರ್ತಿ ಇಂಗಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ನೋಡಿ ಬರೆಯಬೇಕು. ಕಾನಿನಲ್ಲಿ ಒಮ್ಮೆ, ಅಕೇಶಿಯದ ಕೆಳಗೆ ಒಮ್ಮೆ, ದರಕು ಗುಡಿಸಿದ ಬೆಟ್ಟದಲ್ಲಿ ಒಮ್ಮೆ, ಶಾಲೆಯ ಆಟದ ಬಯಲಿನಲ್ಲಿ ಒಮ್ಮೆ. ಪ್ರತಿ ಕಡೆ ಮೂರು ಬೇರೆ ಬೇರೆ ಜಾಗದಲ್ಲಿ ಮಾಡಿಸಿ, ಒಂದೇ ಸಲದ್ದು ನಂಬಬೇಡಿ, ಕೆಳಗೆ ಕಲ್ಲೋ ಇಲಿ ಬಿಲವೋ ಇದ್ದರೆ ಲೆಕ್ಕ ತಪ್ಪುತ್ತದೆ. ಮಳೆ ನಿಂತು ಎರಡು ಮೂರು ವಾರವಾದ ಮೇಲೆ ಎಲ್ಲ ಜಾಗಕ್ಕೂ ಒಂದೇ ದಿನ ಹೋಗಿ, ಒದ್ದೆ ನೆಲ ಒಣ ನೆಲ ಬೆರೆಸಬೇಡಿ. ಡಬ್ಬದ ಅಂಚು ಚೂಪಾಗಿರುತ್ತದೆ, ತಟ್ಟುವ ಕೆಲಸ ಮಾತ್ರ ನೀವೇ ಮಾಡಿ. ಬಂದ ಲೆಕ್ಕ ಇಲ್ಲಿಗೆ ಕಳಿಸಿಕೊಟ್ಟರೆ ಮಕ್ಕಳ ಶಾಲೆಯ ಹೆಸರಿನ ಜೊತೆ ಹಾಕುತ್ತೇವೆ.